ಅಂದಾನೆಪ್ಪನ ಹೇತ್ವಾಭಾಸ

ಹಳಿಯಾಳದ ಆ ಓಣಿಯಲ್ಲಿ ಯಾರಿಗೂ ಸೋಲದವು ಎರಡೇ ಇದ್ದವು. ಒಂದು ಅಂದಾನೆಪ್ಪ, ಇನ್ನೊಂದು ಗೊಂಜಾಳದ ತೆನೆಯಿಂದ ಕಾಳು ಬಿಡಿಸಿ ರಾಶಿ ಮಾಡುವ ಅವನ ಮಷೀನು. ಎರಡೂ ಒಮ್ಮೆ ಶುರುವಾದರೆ ಎದುರಿಗಿದ್ದವರ ಮಾತು ಕೇಳಿಸುತ್ತಿರಲಿಲ್ಲ. ಮಷೀನಿಗಾದರೆ ಬಂದ್ ಮಾಡುವ ಗುಂಡಿಯೊಂದಿತ್ತು.

ಅಂದಾನೆಪ್ಪ ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಮಾಡಿದವನಲ್ಲ. ಮಾತು ಮಾತ್ರ ಮಾಡುತ್ತಿದ್ದ. ಪಕ್ಕದ ವೆಲ್ಡಿಂಗ್ ಅಂಗಡಿಯ ಮುಬಾರಕನಿಂದ ಒಂದು ದೊಡ್ಡ ಪಾನಾ ಒಯ್ದು ಎರಡು ವರ್ಷವಾಗಿತ್ತು. ಕೇಳಲು ಬಂದ ಮುಬಾರಕನಿಗೆ ಅವನು ಕೊಟ್ಟ ಉತ್ತರ ಓಣಿಯಲ್ಲಿ ಇವತ್ತಿಗೂ ಹೇಳಿಕೊಳ್ಳುತ್ತಾರೆ.

"ಪಾನಾ ಇರೂದು ಯಾತಕ್ಕ? ನಟ್ಟು ಬಿಚ್ಚಾಕ. ನಿನ್ನ ಕಡೆ ಇದ್ದಾಗ ಅದು ವಾರಕ್ಕೊಂದು ನಟ್ಟು ಬಿಚ್ಚತಿತ್ತು. ನನ್ನ ಕಡೆ ದಿನಾ ಬಿಚ್ಚತೈತಿ. ಪಾನಾದ ಹಿತಾ ನೋಡಿದ್ರ ಅದು ಎಲ್ಲಿರಬೇಕು, ನೀನ ಹೇಳು."

ಮುಬಾರಕ ಪಾನಾದ ಹಿತ ಬಯಸಿ ಹೊಸ ಪಾನಾ ಕೊಂಡ.

ಮನೆಯಲ್ಲಿ ಹೆಂಡತಿ ಸಕ್ಕುಬಾಯಿ ನಲ್ಲಿಯ ನೀರು ತುಂಬಲು ಕರೆದರೂ ಅಷ್ಟೇ. "ನೀರು ಯಾರಿಗೆ ಹೆಚ್ಚು ಬೇಕು? ಅಡಗಿ ಮಾಡಾವ್ರಿಗೆ. ಅಡಗಿ ಯಾರು ಮಾಡತಾರ? ನೀ. ಅಂದ ಮ್ಯಾಲ ನಾ ನೀರು ತಂದ್ರ ನಿನ್ನ ಕೆಲಸಾ ಕಸಗೊಂಡಂಗ ಆತು. ನಾ ಅಂಥಾ ಮನಶ್ಯಾ ಅಲ್ಲ ಮಾರಾಯ್ತಿ." ಸಕ್ಕುಬಾಯಿ ಕೊಡ ಎತ್ತಿಕೊಂಡು ಹೋಗುತ್ತಿದ್ದಳು. ತರ್ಕದ ಜಯವೆಂದರೆ ಹೀಗೇ, ಗೆದ್ದವನು ಕಟ್ಟೆಯ ಮೇಲೆ ಕೂತಿರುತ್ತಾನೆ, ಸೋತವರು ನೀರು ಹೊರುತ್ತಾರೆ.

ಸಕ್ಕುಬಾಯಿ ಊರಂಚಿನ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಹದಿನಾಲ್ಕು ವರ್ಷದ ಕೆಲಸ. ಮಕ್ಕಳು ಅವಳನ್ನು ಅಡಗಿ ಅವ್ವ ಎನ್ನುತ್ತಿದ್ದರು. ಸಂಬಳ ಹೇಳಿಕೊಳ್ಳುವಂಥದ್ದಲ್ಲ. ಆದರೆ ಜಗತ್ತಿನಲ್ಲಿ ಅವಳು ಹೇಳಿದ ಮಾತನ್ನು ನೂರಾ ಹತ್ತು ಮಂದಿ ಒಂದೇ ಸಲಕ್ಕೆ ಕೇಳುವ ಜಾಗ ಅದೊಂದೇ ಆಗಿತ್ತು. "ಕೂಡ್ರಿ" ಎಂದರೆ ಕೂಡುತ್ತಿದ್ದರು.

ಹೀಗಿರುವಾಗ ಒಂದು ಮಂಗಳವಾರ ಉಪ್ಪಿಟ್ಟು ತಿಂದ ಹನ್ನೊಂದು ಮಕ್ಕಳು ವಾಂತಿ ಮಾಡಿಕೊಂಡರು. ಸಂಜೆಗೆ ಎಲ್ಲರೂ ಆಸ್ಪತ್ರೆಯಿಂದ ಬಿಸ್ಕಿಟು ತಿನ್ನುತ್ತ ಮನೆಗೆ ಬಂದರು. ಆದರೆ ಶಿಕ್ಷಣ ಇಲಾಖೆಯ ಆಫೀಸಿನಿಂದ ಸಕ್ಕುಬಾಯಿಯ ಹೆಸರಿಗೆ ನೋಟೀಸು ಬಂತು. ಹಾಳಾದ ಎಣ್ಣೆ ಬಳಸಿದ್ದಕ್ಕೆ ಕೆಲಸದಿಂದ ಯಾಕೆ ತೆಗೆಯಬಾರದು, ಇಪ್ಪತ್ತನೆಯ ದಿನ ವಿಚಾರಣೆಗೆ ಬಂದು ಉತ್ತರ ಕೊಡಿ ಎಂದಿತ್ತು.

ಸಕ್ಕುಬಾಯಿ ನೋಟೀಸನ್ನು ಸೆರಗಿನಲ್ಲಿ ಹಿಡಿದುಕೊಂಡು ಬಂದಳು. ಕಣ್ಣು ಕೆಂಪಾಗಿದ್ದವು. "ಏನ್ರೀ, ಆ ಎಣ್ಣಿ ಡಬ್ಬಿ ವಾಸನಿ ಹೊಡಿಯಾಕ ಹತ್ತಿತ್ತು. ನಾ ಮುಂಜಾನೇನ ಹೆಡ್ಮಾಸ್ತರಿಗೆ ಹೇಳೀನಿ. ಇದೊಂದಿನ ಹಾಕು ಅಂದ್ರು. ರುಚಿ ನೋಡಿ ಬರಿಯೂ ಪುಸ್ತಕ ಐತೆಲ್ಲ, ಅದರಾಗ ಐತಿ ಎಲ್ಲಾ. ಅದೊಂದು ತರಸ್ರಿ ಅಂತ ಬರದು ಕೊಟ್ರ ಸಾಕು."

ಅಂದಾನೆಪ್ಪ ನಕ್ಕ. "ಹುಚ್ಚಿ. ಪುಸ್ತಕ ಯಾರ ಕಪಾಟಿನ್ಯಾಗ ಐತಿ? ಹೆಡ್ಮಾಸ್ತರದು. ಹೆಡ್ಮಾಸ್ತರ ಯಾರ ಕಡಿಯಾಂವ? ಎಣ್ಣಿ ತಂದಾವ್ರ ಕಡಿಯಾಂವ. ಅಂದ ಮ್ಯಾಲ ಪುಸ್ತಕ ಯಾರ ಕಡಿಂದು? ಸಾದಾ ಖರೇ ಮಾತಿಗೆ ಆಫೀಸಿನ್ಯಾಗ ಕಿಮ್ಮತ್ತಿಲ್ಲ. ವಾದಾ ಬೇಕು, ವಾದಾ. ನಾ ಮುಂಡಗೋಡಕ್ಕ ಹೋಗಿ ರಾಶಿ ಮುಗಿಸಿ ಬರ್ತೇನಿ, ಆಮ್ಯಾಲ ನೋಡೂಣು."

"ಏನ್ರೀ, ಪುಸ್ತಕದಾಗ ನಾನ..."

ಅಷ್ಟರಲ್ಲಿ ಅವನು ಮಷೀನಿನ ಬೆಲ್ಟಿಗೆ ಮೇಣ ಸವರಲು ಹೊರಟಾಗಿತ್ತು.

ಇಲ್ಲಿ ಓದುಗರಿಗೊಂದು ಗುಟ್ಟು ಹೇಳಬೇಕು. ಅಂದಾನೆಪ್ಪನಿಗೆ ಹೇಳಬೇಡಿ, ಹೇಳಿದರೂ ಅವನು ಕೇಳುವುದಿಲ್ಲ. ಶಾಲೆಯ ಅಡುಗೆಮನೆಯ ಕಿಟಕಿ ಒಂದನೆಯ ಇಯತ್ತೆಯ ಕೋಣೆಗೆ ತೆರೆಯುತ್ತಿತ್ತು. ವರ್ಷಕ್ಕೊಮ್ಮೆ ಅಲ್ಲಿ ಅ ಆ ಇ ಈ ಶುರುವಾಗುತ್ತಿತ್ತು. ಮಕ್ಕಳು ಒಂದೇ ವರ್ಷ ಕಲಿತು ಮುಂದಿನ ಕೋಣೆಗೆ ಹೋಗುತ್ತಿದ್ದವು. ಸಕ್ಕುಬಾಯಿ ಮಾತ್ರ ಹದಿನಾಲ್ಕು ವರ್ಷ ಅದೇ ಇಯತ್ತೆಯಲ್ಲಿ ಕೂತು, ಇದ್ದಿಲಿನಿಂದ ಒಲೆಯ ಹಿಂದಿನ ಗೋಡೆಯ ಮೇಲೆ ತಿದ್ದಿ ತಿದ್ದಿ, ಓದು ಬರಹ ಎರಡನ್ನೂ ಕಲಿತುಬಿಟ್ಟಿದ್ದಳು. ಗಂಡನಿಗೆ ತಿಳಿಯಲಿಲ್ಲ. ರೇಷನ್ ಅಂಗಡಿಯಲ್ಲಿ ಅವಳು ಹೆಬ್ಬೆಟ್ಟು ಒತ್ತುತ್ತಿದ್ದಳು ನಿಜ, ಆದರೆ ಈಗ ಪದವಿ ಪಡೆದವರೂ ಹೆಬ್ಬೆಟ್ಟೇ ಒತ್ತುವ ಕಾಲ. ದಿನಾ ಮಾಸ್ತರರೇ ತುಂಬುತ್ತಿದ್ದ ಆ ಪುಸ್ತಕದಲ್ಲಿ ಆ ಮಂಗಳವಾರದ ಸಾಲು ಮಾತ್ರ ಸಕ್ಕುಬಾಯಿಯದೇ ಕೈಬರಹ. ಅವಳ ಕೆಲಸ ಉಳಿಯುವುದಿದ್ದರೆ ಆ ಒಂದು ಸಾಲಿನಿಂದ ಉಳಿಯಬೇಕಿತ್ತು.

ಅಂದಾನೆಪ್ಪ ಬಾಡಿಗೆ ಟ್ರ್ಯಾಕ್ಟರಿಗೆ ಮಷೀನು ಕಟ್ಟಿಕೊಂಡು ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋದ. ವರ್ಷವೂ ಹೋಗುತ್ತಿದ್ದ, ರಾಶಿ ಮುಗಿಸಿ ಬೆಳಗಿನ ಹೊತ್ತೇ ತಿರುಗಿ ಬರುತ್ತಿದ್ದ. ಈ ಸಲ ಮಷೀನಿನ ಬೇರಿಂಗ್ ಹೋಗಿ ಮಧ್ಯಾಹ್ನ ಪೂರ್ತಿ ಕೂಡಬೇಕಾಯಿತು. ಅಲ್ಲಿಯ ಬೌದ್ಧ ಮಠದ ಕಡೆಯಿಂದ ಚಪ್ಪಾಳೆಯ ಸದ್ದು ಕೇಳಿ ಒಳಗೆ ಇಣುಕಿದ.

ಅಂಗಳದ ತುಂಬ ಕೆಂಪು ಬಟ್ಟೆಯ ಸನ್ಯಾಸಿಗಳು. ಒಬ್ಬ ನೆಲದ ಮೇಲೆ ಕೂತಿದ್ದಾನೆ, ಅವನೆದುರು ಇನ್ನೊಬ್ಬ ನಿಂತಿದ್ದಾನೆ. ನಿಂತವನು ಏನೋ ಕೇಳುತ್ತಾನೆ, ಕಾಲೆತ್ತಿ ದಪ್ಪನೆ ನೆಲಕ್ಕೆ ಬಡಿಯುತ್ತಾನೆ, ಅದೇ ಹೊತ್ತಿಗೆ ಕೂತವನ ಮೂಗಿನ ಮುಂದೆ ಚಟಾರನೆ ಚಪ್ಪಾಳೆ ಹೊಡೆಯುತ್ತಾನೆ. ಇಂಥ ಜೋಡಿಗಳು ನೂರಾರು. ಅಂದಾನೆಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತ. ಐವತ್ತೆರಡು ವರ್ಷ ತಾನು ಬರಿ ಬಾಯಿಂದ ವಾದ ಮಾಡಿದ್ದೆ, ಕೈಕಾಲು ಸುಮ್ಮನೆ ಕೂತಿದ್ದವು ಎಂದು ಅವನಿಗೆ ಹೊಟ್ಟೆ ಉರಿಯಿತು.

ಗೊಂಜಾಳದ ಲೆಕ್ಕ ನೋಡುವ ಜಂಪಾ ಎಂಬ ಸನ್ಯಾಸಿ ಅಲ್ಲೇ ಇದ್ದ. ಕಾಲೊನಿಯಲ್ಲೇ ಹುಟ್ಟಿ, ಮುಂಡಗೋಡದ ಸಂತೆಯಲ್ಲಿ ಕನ್ನಡ ಕಲಿತವನು.

"ಏನಿದು ಜಂಪಾ ಅವರ, ಜಗಳಾ?"

"ಜಗಳಾ ಅಲ್ಲ ಅಂದಾನೆಪ್ಪಣ್ಣ, ಓದು. ಕುಂತಾಂವ ಒಂದು ಮಾತು ಹಿಡಿತಾನ, ನಿಂತಾಂವ ಅದನ್ನ ಪರೀಕ್ಷಾ ಮಾಡತಾನ. ಕಾರಣಾ ಗಟ್ಟಿ ಐತೋ ಹೇತ್ವಾಭಾಸ ಐತೋ ನೋಡತಾರ."

"ಏನಾಭಾಸ?"

"ಹೇತ್ವಾಭಾಸ. ನಮ್ಮ ಭಾಷಾದಾಗ ಬ್ಯಾರೆ ಹೆಸರು ಐತಿ, ಆದ್ರ ಮೂಲ ಸಂಸ್ಕೃತದ್ದು. ನಮ್ಮ ಗುರುಗಳು ಎರಡೂ ಕಲಿಸ್ಯಾರ. ಹೇತು ಅಂದ್ರ ಕಾರಣ. ಆಭಾಸ ಅಂದ್ರ ಹಂಗ ಕಾಣತೈತಿ, ಖರೇ ಅಂದ್ರ ಅಲ್ಲ. ಗುಡ್ಡದ ಮ್ಯಾಲ ಹೊಗಿ ಐತಿ, ಅದಕ್ಕ ಅಲ್ಲಿ ಬೆಂಕಿ ಐತಿ ಅಂದ್ರ ಅದು ಹೇತು. ಮಂಜು ನೋಡಿ ಹೊಗಿ ಅಂತ ತಿಳದು, ಬೆಂಕಿ ಐತಿ ಅಂದ್ರ ಹೇತ್ವಾಭಾಸ. ಕಾರಣದ ಅಂಗಿ ತೊಟ್ಟು ಬಂದ ಸುಳ್ಳು. ತಿಳೀದ ಆಡಿದ್ರ ತಪ್ಪು, ತಿಳದೂ ತಿಳದೂ ಆಡಿದ್ರ ಮೋಸ."

"ಭಾಳ ಚಲೋ ಶಬ್ದ ಐತಲ್ರಿ! ನಮ್ಮಲ್ಲಿ ಇದನ್ನ ಯಾರೂ ಅನ್ನೂದಿಲ್ಲ."

ಜಂಪಾ ನಕ್ಕ. "ನಿಮ್ಮ ನಾಡಿನಿಂದನ ಹೋದ ಶಬ್ದ ಅಣ್ಣ. ಸಾವಿರ ವರ್ಷದ ಹಿಂದ ನಮ್ಮ ಹಿರಿಯರು ಬಂದು ಕಲತು ಗುಡ್ಡಾ ದಾಟಿಸಿ ಒಯ್ದ್ರು. ನಾವು ಹೊಳ್ಳಿ ಇಲ್ಲಿಗೆ ಬರೂವಾಗ ಹೊತ್ತುಕೊಂಡು ಬಂದೇವಿ. ಹೆಸರು ನಮ್ಮ ಕಡೆ ಬಂತು, ಮಾಲು ನಿಮ್ಮ ಕಡೇನ ಉಳೀತು."

ಅಂದಾನೆಪ್ಪ ಮಾಲಿನ ಮಾತು ತನ್ನ ಬಗ್ಗೆ ಎಂದು ಒಂದು ಚಣವೂ ಅಂದುಕೊಳ್ಳಲಿಲ್ಲ. ಹೇತ್ವಾಭಾಸವೆಂಬುದು ಎದುರಾಳಿಗಳಿಗೆ ಬರುವ ರೋಗ ಎಂದು ಅವನ ತಿಳುವಳಿಕೆ. ಜಂಪಾ ಮುಂದುವರಿಸಿದ: "ಆದ್ರ ಚಪ್ಪಾಳಿ ದೊಡ್ಡದಲ್ಲ. ಉತ್ತರಾ ಕೊಡೂಕಿಂತ ಮೊದಲು ಎದುರಿನಾಂವ ಏನಂದ ಅಂತ ಹೊಳ್ಳಿ ಹೇಳಬೇಕು. ಕೇಳಿಸ್ಕೊಂಡೇನಿ ಅಂತ ತೋರಸಬೇಕು. ಅದು ಬರಲಿಲ್ಲಂದ್ರ ಅಲ್ಲೇ ಸೋತಂಗ..."

ಅಂದಾನೆಪ್ಪ ಅಷ್ಟರಲ್ಲಿ ಎಡಗಾಲು ಎತ್ತುವುದೋ ಬಲಗಾಲೋ ಎಂದು ಅಭ್ಯಾಸ ನಡೆಸಿದ್ದ. ಮುಖ್ಯವಾದದ್ದು ಸಿಕ್ಕಿತೆಂದು ಅವನಿಗೆ ಖಾತ್ರಿಯಾಗಿತ್ತು. ನಿಂತವನು ಗೆಲ್ಲುತ್ತಾನೆ, ಚಪ್ಪಾಳೆ ಜೋರಿರಬೇಕು.

ಹಳಿಯಾಳಕ್ಕೆ ಬಂದವನೇ ಮೊದಲ ಪ್ರಯೋಗ ಮುಬಾರಕನ ಮೇಲೆ ಮಾಡಿದ. "ಕಾಕಾ, ಹಳೇ ಪಾನಾನಾದ್ರೂ ಕೊಡ್ರಿ, ಹೊಸಾದು ಕಳವಾತು" ಎಂದು ಅವನು ಬಾಯಿ ಬಿಟ್ಟಿದ್ದೇ ತಡ, ಅಂದಾನೆಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಕಾಲೆತ್ತಿ ದಪ್ ಎಂದು ಬಡಿದು, ಮುಬಾರಕನ ಮೂಗಿನ ಮುಂದೆ ಚಟಾರ್ ಎನ್ನಿಸಿ ಕೂಗಿದ: "ಹೇತ್ವಾಭಾಸ!"

ಮುಬಾರಕ ಹೌಹಾರಿ ಗ್ಯಾಸ್ ನಳಿಕೆ ಕೈಬಿಟ್ಟ. ಅಂಗಡಿ ಮುಂದಿನ ಕೋಳಿ ಮೂರು ದಿನ ಮೊಟ್ಟೆ ಇಡಲಿಲ್ಲ.

ಮುಂದೆ ಇದೇ ನಡೆಯಿತು. ಹಾಲಿನವನಿಗೆ ಚಟಾರ್. ಕರೆಂಟ್ ಬಿಲ್ ತಂದವನಿಗೆ ಚಟಾರ್. ದಾಂಡೇಲಿಯಿಂದ ಯೋಗಕ್ಷೇಮ ಕೇಳಲು ಬಂದ ಸಕ್ಕುಬಾಯಿಯ ತಮ್ಮ ಸಿದ್ದಲಿಂಗ "ಅಕ್ಕನ ಕೆಲಸದ್ದು ಏನಾತು ಮಾಮಾ?" ಎಂದು ಕೇಳಿದ್ದಕ್ಕೆ ದಪ್, ಚಟಾರ್, ಹೇತ್ವಾಭಾಸ. ಅವನು ಚಹಾ ಬಸಿ ಅಲ್ಲೇ ಬಿಟ್ಟು ಬಸ್ ಹಿಡಿದ. ಸಕ್ಕುಬಾಯಿ ರೊಟ್ಟಿ ಬಡಿಯುತ್ತ ಎರಡನೆಯ ಸಲ ಹೇಳಿದಳು: "ಏನ್ರೀ, ಪುಸ್ತಕದಾಗಿಂದು ಯಾರೋ ಬರದದ್ದಲ್ಲ, ಅದು ನನ್ನ..." ಚಟಾರ್. ಹಿಟ್ಟು ಹಾರಿ ಅವಳ ಕಣ್ಣಿಗೆ ಬಿತ್ತು.

ಓಣಿಗೆ ಓಣಿಯೇ ತಲೆ ಕೆಡಿಸಿಕೊಂಡಿತು. ಮುಬಾರಕನ ಹೆಂಡತಿ ಮಹೆಜಬೀನ ಜಾಣೆ. ಹಗಲೆಲ್ಲ ಚಪ್ಪಾಳೆ ಹೊಡೆಯುತ್ತಾರೆಂದರೆ ಆ ಮನೆಯಲ್ಲಿ ಸೊಳ್ಳೆ ವಿಪರೀತ ಇರಬೇಕೆಂದು ಅವಳು ತೀರ್ಮಾನಿಸಿ ಆಶಾ ಕಾರ್ಯಕರ್ತೆಗೆ ಹೇಳಿದಳು. ಡೆಂಗೀ ಕಾಲ. ಮರುದಿನ ಇಬ್ಬರು ಬೆನ್ನಿಗೆ ಯಂತ್ರ ಕಟ್ಟಿಕೊಂಡು ಬಂದು ಅಂದಾನೆಪ್ಪನ ಮನೆಗೆ ಒಳಗೂ ಹೊರಗೂ ಹೊಗೆ ಹಾಕಿದರು.

"ಸೊಳ್ಳಿ ಇಲ್ರೋ!" ಎಂದು ಅಂದಾನೆಪ್ಪ ಕೆಮ್ಮುತ್ತ ಹೊರಬಂದ.

"ಇಲ್ಲಾಂದ್ರ ಚಪ್ಪಾಳಿ ಯಾಕ ಹೊಡಿತೀರಿ?" ಎಂದ ಹೊಗೆಯವನು.

ಅಂದಾನೆಪ್ಪ ಮತ್ತೊಂದು ಚಪ್ಪಾಳೆ ಹೊಡೆದ. ಅವರು ಇನ್ನೊಂದು ಸುತ್ತು ಹೊಗೆ ಹಾಕಿ ಹೋದರು. ಓಣಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಕ್ಕುಬಾಯಿ ನಗಲಿಲ್ಲ. ಅವಳು ದಿನ ಎಣಿಸುತ್ತಿದ್ದಳು.

ಇಪ್ಪತ್ತನೆಯ ದಿನ ಬಂತು. ಆಫೀಸಿಗೆ ಹೋಗುವ ಟೆಂಪೋದಲ್ಲಿ ಸಕ್ಕುಬಾಯಿ ಗಂಡನ ತೋಳು ಹಿಡಿದಳು. "ಕೈ ಮುಗಿತೇನಿ, ಒಂದ ಮಾತು ಕೇಳ್ರಿ. ಪುಸ್ತಕ ತರಸ್ರಿ ಅನ್ರಿ ಅಷ್ಟ. ಉಳದದ್ದು ನಾ ಹೇಳತೇನಿ."

"ನೀ ಏನ್ ಹೇಳತಿ? ನಿನ್ನ ಸಲುವಾಗೇ ಹದಿನೈದು ದಿನ ಅಂಗೈ ಕೆಂಪ ಮಾಡಿಕೊಂಡೇನಿ. ಸುಮ್ನ ಕುಂದ್ರು." ಅವನ ದನಿಯಲ್ಲಿ ಪ್ರೀತಿಯೂ ಇತ್ತು, ಅದನ್ನು ಅಲ್ಲವೆನ್ನಬಾರದು. ಹೆಂಡತಿಯ ಕೆಲಸ ಉಳಿಸಿಯೇ ತೀರುತ್ತೇನೆಂದು ಅವನು ಮನಸಾರೆ ನಂಬಿದ್ದ.

ವಿಚಾರಣೆಯ ಕೋಣೆಯಲ್ಲಿ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಅಂದಾನೆಪ್ಪನ ಎದೆ ಉಬ್ಬಿತು. ಅವರು ಕೂತಿದ್ದಾರೆ, ತಾನು ನಿಂತಿದ್ದೇನೆ! ಅರ್ಧ ಗೆದ್ದಂತೆಯೇ. ಮೂಲೆಯಲ್ಲಿ ಹೆಡ್ಮಾಸ್ತರರು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಟೈಪಿಸ್ಟ್ ಕಂಪ್ಯೂಟರಿನ ಹಿಂದೆ ಇದ್ದ.

"ಇವರ ಪರವಾಗಿ ಯಾರು ಮಾತಾಡುತ್ತೀರಿ?" ಎಂದು ಕೇಳಿದರು ಸಾಹೇಬರು.

"ನಾ ರೀ, ಯಜಮಾನ," ಎಂದು ಅಂದಾನೆಪ್ಪ ಮುಂದೆ ಬಂದ. "ಸಾಹೇಬ್ರ, ಎಣ್ಣಿ ಡಬ್ಬಿ ಮ್ಯಾಲ ಅದರ ಅವಧಿ ತಾರೀಖು ಬರದಿತ್ತು. ಬರದದ್ದನ್ನ ಯಾರು ನೋಡಬೇಕು? ಓದಾಕ ಬರಾವ್ರು!" ದಪ್. ಚಟಾರ್. ಟೈಪಿಸ್ಟನ ಚಹಾ ಕಡತದ ಮೇಲೆ ಚೆಲ್ಲಿತು. ಸಿಪಾಯಿ ಓಡಿ ಬಂದ. ಸಾಹೇಬರು ಅವನನ್ನು ಕೈಸನ್ನೆಯಿಂದ ತಡೆದು, "ಮುಂದುವರಿಸಿ" ಎಂದರು.

"ನನ್ನ ಹೇಣತಿಗೆ ಓದಾಕ ಬರತೈತೇನು? ಬರೂದಿಲ್ಲ!" ದಪ್. ಚಟಾರ್. "ಅಂದ ಮ್ಯಾಲ ತಪ್ಪು ಯಾರದು? ಓದಾಕ ಬರಾವ್ರದು!" ಎಂದು ಬೆರಳನ್ನು ನೇರ ಹೆಡ್ಮಾಸ್ತರರ ಕಡೆ ತಿರುಗಿಸಿದ. ಹೆಡ್ಮಾಸ್ತರರ ಮುಖ ಬಿಳಿಚಿಕೊಂಡಿತು. ನಿಜ ಹೇಳಬೇಕೆಂದರೆ ಅಂದಾನೆಪ್ಪನ ಜೀವನದಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇರಲಿಲ್ಲ.

ಸಕ್ಕುಬಾಯಿ ಹಿಂದಿನಿಂದ ಅಂಗಿ ಜಗ್ಗಿದಳು. "ಏನ್ರೀ, ಏನ್ ಹೇಳಾಕತ್ತೀರಿ..."

"ಸುಮ್ನಿರ!"

ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು. "ಒಪ್ಪಿದೆ. ಇವರಿಗೆ ಓದಲು ಬರುವುದಿಲ್ಲ. ಬರೆಯಲು?"

"ಓದಾಕ ಬಾರದಾಕಿ ಬರಿತಾಳೇನ್ರಿ ಸಾಹೇಬ್ರ? ಒಂದ ಅಕ್ಷರ ಬರೂದಿಲ್ಲ. ಮೂವತ್ತು ವರ್ಷ ಸಂಸಾರ ಮಾಡೇನಿ, ನನಗ ಗೊತ್ತಿಲ್ಲೇನು?" ಚಟಾರ್.

"ಟೈಪ್ ಮಾಡಿ. ಸಹಿ ತಗೊಳ್ಳಿ."

ಅಂದಾನೆಪ್ಪ ಕೊನೆಯ ಅಕ್ಷರದ ಬಾಲ ತಿರುವಿ ಸಹಿ ಹಾಕಿದ. ಸಾಹೇಬರು ಆ ಹಾಳೆಯನ್ನು ಫೈಲಿಗೆ ಸೇರಿಸಿ, ಖಾನೆಯಿಂದ ಒಂದು ಪುಸ್ತಕ ಹೊರತೆಗೆದರು. ರುಚಿ ನೋಡಿ ಬರೆಯುವ ಪುಸ್ತಕ. ಮೊದಲಿನಿಂದಲೂ ಅದು ಅವರ ಹತ್ತಿರವೇ ಇತ್ತು.

"ಆ ಮಂಗಳವಾರದ ಹಾಳೆಯಲ್ಲಿ ಹೀಗಿದೆ: ಎಣ್ಣಿ ವಾಸನಿ ಬರತೈತಿ. ಮಕ್ಕಳಿಗೆ ಬ್ಯಾಡ. ಹೆಡ್ಮಾಸ್ತರಿಗೆ ಹೇಳೀನಿ. ಸಕ್ಕುಬಾಯಿ." ಸಾಹೇಬರು ತಲೆ ಎತ್ತಿದರು. "ಇದು ಇವರೇ ಬರೆದದ್ದಾಗಿದ್ದರೆ ಇವರ ತಪ್ಪೇ ಇರುತ್ತಿರಲಿಲ್ಲ. ಆದರೆ ಒಂದಕ್ಷರ ಬಾರದವರು ಇದನ್ನು ಹೇಗೆ ಬರೆದರು? ಅಂದಮೇಲೆ ಯಾರಿಂದಲೋ ಆಮೇಲೆ ಬರೆಸಿದ್ದು."

ಅಂದಾನೆಪ್ಪ ಹೆಂಡತಿಯ ಕಡೆ ತಿರುಗಿದ.

"ನಾನ ಬರದದ್ದು ಸಾಹೇಬ್ರ," ಎಂದಳು ಸಕ್ಕುಬಾಯಿ. "ನನಗ ಬರತೈತಿ. ಪೆನ್ನು ಕೊಡ್ರಿ, ಇಲ್ಲೇ ಬರದು ತೋರಸ್ತೇನಿ." ಕೊಡದಿದ್ದರೂ ಮೇಜಿನ ಮೇಲಿಂದ ತೆಗೆದುಕೊಂಡು, ನಿಂತುಕೊಂಡೇ, ಹಾಳೆಯ ಮೇಲೆ ಅದೇ ಸಾಲುಗಳನ್ನು ಬರೆದಳು. ದುಂಡಗಿನ ಅಕ್ಷರ. ಪುಸ್ತಕದಲ್ಲಿದ್ದದ್ದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಸಾಹೇಬರು ನೋಡಿದರು. "ಇವತ್ತು ಬರುತ್ತದೆ ಎಂದರೆ ಅಂದೂ ಬರುತ್ತಿತ್ತು ಎಂದಾಗುವುದಿಲ್ಲ. ಆಮೇಲೆ ಕಲಿತಿರಬಹುದು."

"ಇಪ್ಪತ್ತು ದಿನದಾಗ?"

"ಬುದ್ಧಿವಂತರಿದ್ದೀರಿ," ಎಂದರು ಸಾಹೇಬರು. "ಹೆಡ್ಮಾಸ್ತರರೇ, ಇವರು ಬರೆಯುವುದನ್ನು ಎಂದಾದರೂ ಕಂಡಿದ್ದೀರಾ?"

ಒಲೆಯ ಹಿಂದಿನ ಗೋಡೆಯ ಇದ್ದಿಲಕ್ಷರಗಳನ್ನು ವರ್ಷಗಟ್ಟಲೆ ಕಂಡಿದ್ದ ಹೆಡ್ಮಾಸ್ತರರು ಫ್ಯಾನನ್ನು ನೋಡಿದರು. "ಯಜಮಾನ್ರ ಇಲ್ಲ ಅಂದ ಮ್ಯಾಲ ನಾ ಹೆಂಗ ಹೂಂ ಅನ್ಲಿ ರೀ," ಎಂದರು.

ಆಗ ಅಂದಾನೆಪ್ಪನಿಗೆ ಕಂಡಿತು. ಗುಡ್ಡದ ಮೇಲಿನ ಮಂಜು, ಕಾರಣದ ಅಂಗಿ ತೊಟ್ಟ ಸುಳ್ಳು, ಮೇಜಿನ ಆಚೆ ಕೂತು ತನ್ನನ್ನೇ ನೋಡುತ್ತಿತ್ತು. ಜೀವನದಲ್ಲಿ ಮೊದಲ ಸಲ ಅವನು ಸರಿಯಾದ ಜಾಗದಲ್ಲಿ ಸರಿಯಾದ ಶಬ್ದ ಬಳಸಲಿದ್ದ. ಕೈ ಎತ್ತಿದ. ಎರಡೂ ಕೈ ಒಂದಕ್ಕೊಂದು ತಾಗಲೇ ಇಲ್ಲ.

"ಸಾಹೇಬ್ರ, ಇದು... ಇದು ಹೇತ್ವಾಭಾಸ ಆತು ರೀ."

"ಅದೇನೋ ನನಗೆ ಗೊತ್ತಿಲ್ಲ," ಎಂದರು ಸಾಹೇಬರು. "ನಿಮ್ಮ ಸಹಿ ಗೊತ್ತು."

ಕೆಲಸದಿಂದ ತೆಗೆದ ಆದೇಶಕ್ಕೆ ದಾಖಲೆ ತಿದ್ದಿದ ಆರೋಪವೂ ಸೇರಿತು. ಮೆಟ್ಟಿಲಿಳಿಯುವಾಗ ಹೆಡ್ಮಾಸ್ತರರು ಹಿಂದಿನಿಂದ ಬಂದು ಅಂದಾನೆಪ್ಪನ ಕೈ ಕುಲುಕಿದರು. "ಭಾರಿ ವಾದಾ ಮಾಡಿದ್ರಿ ನೋಡ್ರಿ ಅಂದಾನೆಪ್ಪಣ್ಣ. ಒಮ್ಮೆ ನನ್ನ ಜೀವಾನ ಬಾಯಿಗೆ ಬಂದಿತ್ತು." ಅವರು ಮನಃಪೂರ್ವಕ ಹೇಳಿದ್ದರು.

ಮನೆಗೆ ಬಂದ ಮೇಲೆ ಸಕ್ಕುಬಾಯಿ ಹೊಸ್ತಿಲ ಒಳಗೆ ನೆಲಕ್ಕೆ ಕೂತಳು. ಅಳಲಿಲ್ಲ. ಅತ್ತಿದ್ದರೆ ಅಂದಾನೆಪ್ಪನಿಗೆ ಸಮಾಧಾನ ಹೇಳಲು ಏನಾದರೂ ಸಿಗುತ್ತಿತ್ತು. ಸುದ್ದಿ ಆಗಲೇ ಓಣಿಗೆ ಬಂದಾಗಿತ್ತು.

"ಯಾವಾಗ ಕಲತಿ?" ಎಂದು ಕೇಳಿದ ಅಂದಾನೆಪ್ಪ. "ನನಗ ಒಂದು ಮಾತು ಹೇಳಬಾರದಾ?"

"ಮೂರ ಸಲ ಹೇಳಿದೆ," ಎಂದಳು ಸಕ್ಕುಬಾಯಿ. "ನೋಟೀಸ್ ಬಂದ ದಿನ, ರೊಟ್ಟಿ ಬಡಿಯೂವಾಗ, ಇವತ್ತು ಟೆಂಪೋದಾಗ. ಏನ್ ಹೇಳಿದೆ, ಹೊಳ್ಳಿ ಹೇಳ್ರಿ ನೋಡೂಣು."

ಅಂದಾನೆಪ್ಪ ಬಾಯಿ ತೆರೆದ. ಪಾನಾದ ವಾದ ಅಕ್ಷರಕ್ಕಕ್ಷರ ನೆನಪಿತ್ತು. ಸಾಹೇಬರಿಗೆ ಹೇಳಿದ್ದೂ ನೆನಪಿತ್ತು, ಎಲ್ಲೆಲ್ಲಿ ಚಪ್ಪಾಳೆ ಹೊಡೆದೆನೆಂಬುದೂ ನೆನಪಿತ್ತು. ಅವಳ ಮೂರು ಮಾತಿನಲ್ಲಿ ಒಂದೂ ಬರಲಿಲ್ಲ. ಅದು ಬರಲಿಲ್ಲವೆಂದರೆ ಅಲ್ಲೇ ಸೋತಂತೆ ಎಂದು ಮುಂಡಗೋಡದಲ್ಲಿ ಯಾರೋ ಅಂದದ್ದು ಮಾತ್ರ ಈಗ, ಹೊತ್ತು ಮೀರಿ, ಕಿವಿಗೆ ಬಿತ್ತು.

ಹೊರಗೆ ನಲ್ಲಿಗೆ ನೀರು ಬಂದ ಸದ್ದಾಯಿತು. ಅಂದಾನೆಪ್ಪ ಗಡಬಡಿಸಿ ಎದ್ದು, ಮೂವತ್ತು ವರ್ಷದಲ್ಲಿ ಮೊದಲ ಸಲ, ಕೊಡಕ್ಕೆ ಕೈ ಹಾಕಿದ.

ಸಕ್ಕುಬಾಯಿ ಅದನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.

"ಬ್ಯಾಡ್ರಿ," ಎಂದಳು. "ಇದೊಂದು ಕೆಲಸಾ ಉಳದೈತಿ. ಇದನ್ನೂ ಕಸಗೋಬ್ಯಾಡ್ರಿ."